ಹತ್ತಕ್ಕೆ ಒಂಬತ್ತೂವರೆ

9 ಜನವರಿ

ಮಗರಾಯನಿಗೆ,

ಒಳ್ಳೆಯ ಸುದ್ದಿ ಮೊದಲು, ಬೈಗುಳ ಆಮೇಲೆ. ವಕೀಲಮ್ಮ ಇವತ್ತು ಕ್ಲಾಸಿಗೇ ಹುಡುಕಿಕೊಂಡು ಬಂದಿದ್ದರು. ಜೂನ್ ತಿಂಗಳಲ್ಲಿ ಬಿಡುಗಡೆ ಸಮಿತಿ ನಿನ್ನನ್ನು ಕರೆಸುತ್ತದಂತೆ. ಮೂವರು ಕೂತು ನಿನ್ನ ಮಾತು ಕೇಳುತ್ತಾರೆ. ಒಪ್ಪಿದರೆ ಉಳಿದ ಶಿಕ್ಷೆಯನ್ನು ಮನೆಯಲ್ಲೇ ಕಳೆಯಬಹುದು, ವಾರಕ್ಕೊಮ್ಮೆ ಠಾಣೆಗೆ ಹೋಗಿ ಸಹಿ ಹಾಕಿ ಬಂದರಾಯಿತು. ಒಪ್ಪದಿದ್ದರೆ ಇನ್ನು ಮೂರು ವರ್ಷ ಮತ್ತೆ ಕೇಳುವ ಹಾಗಿಲ್ಲ. ವಿಚಾರಣೆ ಪೂರ್ತಿ ಇಂಗ್ಲಿಷಿನಲ್ಲಿ. "ನಿಮ್ಮ ಮಗನಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಲ್ಲ ಟೀಚರ್, ಅದೊಂದು ನಮ್ಮ ಅದೃಷ್ಟ" ಅಂದರು. ಹೆಮ್ಮೆಯಿಂದ ತಲೆಯಾಡಿಸಿದೆ. ಕಲಿಸಿದವಳು ನಾನಲ್ಲವೇ.

ಈಗ ಬೈಗುಳ. ಹೋದ ತಿಂಗಳ ನಿನ್ನ ಪತ್ರವನ್ನು ಕೆಂಪು ಪೆನ್ನಿನಲ್ಲಿ ತಿದ್ದಿ ಇದರ ಜೊತೆಗಿಟ್ಟಿದ್ದೇನೆ. ಒಂದು ಪುಟಕ್ಕೆ ಏಳು ತಪ್ಪು. ಲಿಫ್ಟ್ ರಿಪೇರಿ ಮಾಡುವವನಿಗೆ ಅಲ್ಪಪ್ರಾಣ ಮಹಾಪ್ರಾಣ ಕಟ್ಟಿಕೊಂಡು ಏನಾಗಬೇಕು ಅನ್ನಬೇಡ. ಸಡಿಲವಾದ ನಟ್ಟು ಸಡಿಲವೇ, ಅದು ಯಂತ್ರದಲ್ಲಿದ್ದರೂ ಅಷ್ಟೇ, ವಾಕ್ಯದಲ್ಲಿದ್ದರೂ ಅಷ್ಟೇ.

ಜೂನ್‌ವರೆಗೆ ನಿನ್ನ ಇಂಗ್ಲಿಷಿಗೆ ತುಕ್ಕು ಹಿಡಿಯಬಾರದು. ಅದಕ್ಕೇ ನಮ್ಮ ಹಳೆಯ ಜೋಡಿ ಪದದ ಆಟವನ್ನು ಮತ್ತೆ ಶುರು ಮಾಡೋಣ. ತೀರ್ಪು ಬಂದ ದಿನದಿಂದ ಇಬ್ಬರಿಗೂ ಅದರ ಮೇಲೆ ಮನಸ್ಸು ಬರಲಿಲ್ಲ, ನಿಜ. ನಿಯಮ ನೆನಪಿದೆ ತಾನೆ? ಅಕ್ಕಪಕ್ಕದ ಮನೆಯವರಂತೆ ಕಾಣುವ ಎರಡು ಪದ ಕೊಡುತ್ತೇನೆ. ನಡುವಿನ ಗೋಡೆ ಎಲ್ಲಿದೆ ಅಂತ ನೀನು ತೋರಿಸಬೇಕು, ನಿನ್ನ ಬದುಕಿನಿಂದಲೇ ಒಂದು ಉದಾಹರಣೆ ಕೊಡಬೇಕು. ಚಿಕ್ಕವನಿದ್ದಾಗ ಉತ್ತರ ಸರಿಯಿಲ್ಲದಿದ್ದರೆ ಎರಡನೇ ಸಲ ಬಡಿಸುತ್ತಿರಲಿಲ್ಲ, ಆ ಶಿಕ್ಷೆ ಈಗ ನನ್ನ ಕೈಯಲ್ಲಿಲ್ಲ. ಹತ್ತಕ್ಕೆ ಹತ್ತು ಮಾತ್ರ ಕೇಳಬೇಡ. ನನ್ನ ಸರ್ವಿಸಿನಲ್ಲೇ ಯಾರಿಗೂ ಒಂಬತ್ತೂವರೆ ದಾಟಿಸಿಲ್ಲ. ಹತ್ತು ಕೊಟ್ಟರೆ ಇನ್ನು ಕಲಿಸುವುದೇನೂ ಉಳಿದಿಲ್ಲ ಅಂತ ಅರ್ಥ.

ಮೊದಲನೇ ಜೋಡಿ: 'ರೀಸನ್' ಮತ್ತು 'ಎಕ್ಸ್‌ಕ್ಯೂಸ್'.

ಕ್ಲಾಸಿನ ಕೆಳಗಿನ ಟೈರ್ ಅಂಗಡಿಯವನು ಗಾಳಿ ಹೊಡೆಯುವ ಹೊಸ ಯಂತ್ರ ತಂದಿದ್ದಾನೆ. ನಾನು ಪಾಠದಲ್ಲಿ ಉಸಿರು ತೆಗೆದುಕೊಳ್ಳುವ ಜಾಗದಲ್ಲೆಲ್ಲ ಅದು 'ಉಸ್ಸ್' ಅನ್ನುತ್ತದೆ. ಇಂಗ್ಲಿಷ್ ಕಲಿಯಲು ಬರುವ ನರ್ಸ್ ಹುಡುಗಿಯರು ನಕ್ಕು ಸಾಯುತ್ತಾರೆ.

ನಿನ್ನ,
ಅಮ್ಮ


3 ಫೆಬ್ರವರಿ

ಅಮ್ಮ,

ನಿನ್ನ ಕೆಂಪು ಗುರುತುಗಳು ಇಲ್ಲಿ ದೊಡ್ಡ ಗಲಾಟೆ ಎಬ್ಬಿಸಿದವು. ಪತ್ರಗಳನ್ನು ಓದಿ ಕೊಡುವ ಸಾಹೇಬರು ನನ್ನನ್ನು ಕರೆಸಿ, "ಈ ಕೆಂಪು ಗೀಟೆಲ್ಲ ಏನು ಸಂಕೇತ, ಯಾರ ಗ್ಯಾಂಗು?" ಅಂತ ಕೇಳಿದರು. "ನಮ್ಮಮ್ಮ ಸರ್" ಅಂದೆ. ಅವರು ಎರಡನೇ ಸಲ ಓದಿ ನೋಡಿ, "ಇದೊಂದು ತಪ್ಪು ಬಿಟ್ಟಿದ್ದಾರಲ್ಲ" ಅಂದರು. ಹೌದು, ಕೊನೆಯ ಸಾಲಿನಲ್ಲಿ ಒಂದು ಒತ್ತು ಹೋಗಿದೆ. ನಿನ್ನ ಕಣ್ಣು ತಪ್ಪಿಸಿಕೊಂಡ ತಪ್ಪನ್ನು ನಾನು ಇದೇ ಮೊದಲು ನೋಡಿದ್ದು.

ಈಗ ನನ್ನ ಕೆಲಸ ಬಟ್ಟೆ ಒಗೆಯುವ ಕೋಣೆಯಲ್ಲಿ. ದೊಡ್ಡ ಯಂತ್ರಗಳಲ್ಲಿ ಎರಡು ಓಡುತ್ತವೆ, ಮೂರನೆಯದು ನಾನು ಬೈದರೆ ಓಡುತ್ತದೆ. ಅಡುಗೆಮನೆಗೆ ಸಾಮಾನು ಸಾಗಿಸುವ ಲಿಫ್ಟೂ ಒಂದಿದೆ. ಹೊರಡುವಾಗ ನರಳುತ್ತದೆ, ಬೇರಿಂಗ್ ಹೋಗಿದೆ. ಹೇಳಿದೆ. "ನಿನಗೆ ಲಿಫ್ಟಿನ ಸಹವಾಸ ಬೇಡಪ್ಪ" ಅಂದರು.

ಉತ್ತರ: 'ರೀಸನ್' ಅಂದರೆ ಯಾಕೆ ಹಾಗಾಯಿತು ಅನ್ನುವುದಕ್ಕೆ ಕಾರಣ. 'ಎಕ್ಸ್‌ಕ್ಯೂಸ್' ಅಂದರೆ ಅದೇ ಕಾರಣ ಹಿಡಿದುಕೊಂಡು ನನ್ನನ್ನು ಬಿಟ್ಟುಬಿಡಿ ಅಂತ ಬೇಡುವುದು. ಮಾತು ಒಂದೇ ಇರಬಹುದು, ಹೇಳುವವನ ಕೈ ಚಾಚಿದೆಯೋ ಇಲ್ಲವೋ ನೋಡಬೇಕು.

ಉದಾಹರಣೆ ನಿನಗೆ ಗೊತ್ತಿರುವುದೇ. ಸಮಿತಿಯ ಮುಂದೆ ಹೇಳಬೇಕಲ್ಲ, ಅಭ್ಯಾಸವಾಗಲಿ ಅಂತ ಬರೆಯುತ್ತೇನೆ. ಆ ಕಟ್ಟಡದ ಲಿಫ್ಟಿಗೆ ಬ್ರೇಕ್ ಸವೆದಿತ್ತು. ಬೆಳಿಗ್ಗೆ ನಾನೇ ನಿಲ್ಲಿಸಿ, ತಾರಸಿಯ ಮೇಲಿನ ಮಷಿನ್ ರೂಮಿನಲ್ಲಿ ಮೇನ್ ಸ್ವಿಚ್ ಆರಿಸಿ, ಕೆಳಗೆ 'ಕೆಟ್ಟಿದೆ' ಅಂತ ಬೋರ್ಡ್ ತಗುಲಿಸಿದ್ದೆ. ಮಧ್ಯಾಹ್ನ ಐದನೇ ಮಹಡಿಯ ಗಡಿಯಾರ ರಿಪೇರಿ ತಾತನಿಗೆ ಎದೆ ಹಿಡಿದುಕೊಂಡಿತು. ಮುಖ ನೀಲಿಗಟ್ಟಿತ್ತು. ಮೆಟ್ಟಿಲು ಕಿರಿದು, ತಾತನನ್ನು ಕೂರಿಸಿ ಹೊತ್ತರೆ ಕುರ್ಚಿ ತಿರುಗುವುದಿಲ್ಲ. ಅವರ ಹೆಂಡತಿ ನನ್ನ ಅಂಗಿ ಹಿಡಿದುಕೊಂಡು, "ಏನಾದ್ರೂ ಮಾಡಪ್ಪಾ" ಅಂದರು. ಲಿಫ್ಟಿನಲ್ಲಿ ಒಂದು ಕಡೆ ನಾವು ನಿಲ್ಲುವ ಪೆಟ್ಟಿಗೆ, ಇನ್ನೊಂದು ಕಡೆ ಅದಕ್ಕೆ ಸರಿದೂಗಿಸುವ ಕಬ್ಬಿಣದ ತೂಕ. ಮೂರು ಜನ ಒಳಗಿದ್ದರೆ ಎರಡೂ ಕಡೆ ಹೆಚ್ಚುಕಡಿಮೆ ಸಮ, ಸವೆದ ಬ್ರೇಕೂ ಹಿಡಿಯುತ್ತದೆ. ತಾತ, ವಾಚ್‌ಮನ್, ನಾನು, ಮೂರು ಜನ ಆದೆವು. ಸ್ವಿಚ್ ಹಾಕಿದೆ. ಸುಖವಾಗಿ ಇಳಿದೆವು. ಇಬ್ಬರೂ ಕುರ್ಚಿ ಎತ್ತಿಕೊಂಡು ಆಂಬುಲೆನ್ಸ್ ತನಕ ಹೋದೆವು. ತಾತನ ಹೆಂಡತಿ ಇನ್ನೂ ಮೆಟ್ಟಿಲಲ್ಲಿದ್ದರು. ಸ್ವಿಚ್ ಆರಿಸಲು ನಾನು ಮತ್ತೆ ಮೇಲೆ ಹತ್ತಬೇಕಿತ್ತು.

ಅಷ್ಟರಲ್ಲಿ ನಾಲ್ಕನೇ ಮಹಡಿಯ ಹೊಲಿಗೆಯಾಕೆ ಬಟ್ಟೆ ಗಂಟು ಹಿಡಿದುಕೊಂಡು ಬಂದರು. ಲಿಫ್ಟ್ ಕೆಳಗೆ ದೀಪ ಹಾಕಿಕೊಂಡು ನಿಂತಿದೆ, ಬೋರ್ಡ್ ತೆಗೆಯಲು ಮರೆತಿದ್ದಾರೆ ಅಂದುಕೊಂಡಿರಬೇಕು. ಗೇಟ್ ಎಳೆದುಕೊಂಡರು. ಒಬ್ಬರೇ. ಜನ ಎಲ್ಲ ಲಿಫ್ಟ್ ಬಿತ್ತು ಅನ್ನುತ್ತಾರೆ. ಬೀಳಲಿಲ್ಲ ಅಮ್ಮ. ಒಬ್ಬರ ಭಾರಕ್ಕೆ ಪೆಟ್ಟಿಗೆ ಹಗುರವಾಗಿ, ಆಚೆ ಕಡೆಯ ಕಬ್ಬಿಣ ಅದನ್ನು ಮೇಲಕ್ಕೆ ಎಳೆದುಕೊಂಡು ಹೋಯಿತು. ನಿಂತ ಪೆಟ್ಟಿಗೆಯನ್ನು ಹಿಡಿದಿದ್ದ ಸವೆದ ಬ್ರೇಕಿಗೆ ಓಡುವುದನ್ನು ನಿಲ್ಲಿಸಲಾಗಲಿಲ್ಲ, ಮೇಲಿನ ತುದಿಗೆ ಹೋಗಿ ಬಡಿಯಿತು, ಆಕೆ ಉಳಿಯಲಿಲ್ಲ.

ಇದು ರೀಸನ್. ಕೈ ಚಾಚಿಲ್ಲ.

ನಿನ್ನ,
ಮಗರಾಯ


1 ಮಾರ್ಚ್

ಮಗರಾಯನಿಗೆ,

ಹತ್ತಕ್ಕೆ ಒಂಬತ್ತೂವರೆ. ಅರ್ಧ ಅಂಕ ಯಾಕೆ ಹೋಯಿತು ಅಂದರೆ, 'ಸುಖವಾಗಿ ಇಳಿದೆವು' ಅಂತ ಬರೆದಿದ್ದೀಯ. ಆ ಪದ ಅಲ್ಲಿ ಕೂರುವುದಿಲ್ಲ. ಸಮಿತಿಯ ಮುಂದೆ ಅದನ್ನು ಬಳಸಬೇಡ.

ಮೊನ್ನೆ ಹೊಲಿಗೆಯಾಕೆಯ ಗಂಡನನ್ನು ನೋಡಿಬಂದೆ. ನಿನಗೆ ಹೇಳದೆ ಹೋದೆ, ಹೇಳಿದ್ದರೆ ನೀನು ಬೇಡ ಅನ್ನುತ್ತಿದ್ದೆ. ಇಸ್ತ್ರಿ ಅಂಗಡಿ ಈಗಲೂ ಅದೇ ಬೀದಿಯಲ್ಲಿದೆ. "ಬನ್ನಿ ಟೀಚರ್, ಕೂತ್ಕೊಳ್ಳಿ" ಅಂದರು. ಕೂರಲು ಇದ್ದದ್ದು ಒಂದೇ ಸ್ಟೂಲು, ಅದರ ಮೇಲಿದ್ದ ಅಂಗಿಗಳನ್ನು ತೆಗೆದು ಆಕೆಯ ಹೊಲಿಗೆ ಯಂತ್ರದ ಮೇಲೆ ಪೇರಿಸಿದರು. ಅಂಗಡಿಯಲ್ಲಿ ಬೇರೆ ಜಾಗವಿಲ್ಲ. ನಾನು ಮಾತಾಡುವಷ್ಟು ಹೊತ್ತೂ ಇಸ್ತ್ರಿ ಮಾಡುತ್ತಲೇ ಇದ್ದರು, ತಲೆ ಎತ್ತಲಿಲ್ಲ.

"ನಂಗೆ ಈಗ ಸಿಟ್ಟಿಲ್ಲ ಟೀಚರ್. ಎಷ್ಟು ದಿನ ಅಂತ ಸಿಟ್ಟು ಇಟ್ಕೊಳ್ಳೋದು, ಕೆಲಸ ಆಗಲ್ಲ. ಅವನು ಅಲ್ಲಿ ಬಾಯಿಬಿಟ್ಟು ಒಂದು ಮಾತು ಹೇಳ್ಲಿ. ಆಮೇಲೆ ಬಿಡ್ತಾರೋ ಇಟ್ಕೋತಾರೋ ಅವರಿಗೆ ಬಿಟ್ಟಿದ್ದು. ನಾನು ಅಡ್ಡ ಬರಲ್ಲ" ಅಂದರು. ಹೊರಡುವಾಗ ನನ್ನ ಸೆರಗಿನ ಸುಕ್ಕು ನೋಡಿ, "ಕೊಡಿ, ಹಾಗೇ ಒಂದು ಸಲ ಎಳೀತೀನಿ" ಅಂದುಬಿಟ್ಟರು. ಅಭ್ಯಾಸಬಲ. ಆಮೇಲೆ ಇಬ್ಬರಿಗೂ ನಾಚಿಕೆಯಾಯಿತು.

ವಕೀಲಮ್ಮನನ್ನು ಕೇಳಿದೆ, ಯಾವ ಮಾತು ಹೇಳಬೇಕು ಅಂತ. ಸಮಿತಿ ಸುತ್ತಿಬಳಸಿ ಕೊನೆಗೆ ಕೇಳುವುದು ಒಂದೇ ಪ್ರಶ್ನೆಯಂತೆ: ನಿನ್ನ ಕೃತ್ಯಕ್ಕೆ ನಿನ್ನಲ್ಲಿ 'ರಿಮೋರ್ಸ್' ಇದೆಯೇ? ಇದೆ ಅನ್ನಬೇಕು. 'ಸಾರಿ' ಸಾಲದು, ಅದನ್ನು ಕಾಲು ತುಳಿದವರೂ ಹೇಳುತ್ತಾರೆ. 'ರಿಗ್ರೆಟ್' ಕೂಡ ಸಾಲದಂತೆ.

ಅಲ್ಲಿಗೆ ನನಗೆ ಈ ತಿಂಗಳ ಜೋಡಿ ಸಿಕ್ಕಿತು: 'ರಿಗ್ರೆಟ್' ಮತ್ತು 'ರಿಮೋರ್ಸ್'. ಇದು ಕಷ್ಟದ್ದು, ಸ್ವಲ್ಪ ದಾರಿ ತೋರಿಸುತ್ತೇನೆ. ಮೊದಲನೆಯದು, ಆದದ್ದು ಆಗಬಾರದಿತ್ತು ಅನ್ನುವ ಸಂಕಟ. ಅದರಲ್ಲಿ ನಿನ್ನ ತಪ್ಪು ಇರಲೇಬೇಕೆಂದಿಲ್ಲ. ರೈಲು ತಪ್ಪಿದರೂ, ಇನ್ನೊಬ್ಬರ ಮನೆ ಸುಟ್ಟರೂ ಆಗುತ್ತದೆ. ಎರಡನೆಯದರ ಬೇರಿನಲ್ಲಿ 'ಕಚ್ಚು' ಅನ್ನುವ ಅರ್ಥವಿದೆ. ತಾನು ಮಾಡಿದ ಕೆಲಸವೇ ತಿರುಗಿ ತನ್ನನ್ನು ಕಚ್ಚುವುದು. ಅದು ಇರುವವನಿಗೆ ಕಳೆದ ದಿನ ವಾಪಸ್ಸು ಸಿಕ್ಕರೆ ಆ ಕೆಲಸವನ್ನು ಮಾಡುವುದಿಲ್ಲ. ನಮ್ಮ ಭಾಷೆಯಲ್ಲಿ ಎರಡಕ್ಕೂ ಪಶ್ಚಾತ್ತಾಪ ಅಂದು ಕೈತೊಳೆದುಕೊಳ್ಳುತ್ತೇವೆ. 'ತಪ್ಪಾಯ್ತು' ಅಂದರೆ ಇನ್ನೂ ಸುಲಭ, ಯಾರು ಮಾಡಿದ್ದು ಅಂತ ಯಾರೂ ಕೇಳುವುದಿಲ್ಲ.

ಚೆನ್ನಾಗಿ ಯೋಚಿಸಿ ಬರೆ. ಇದನ್ನು ಗಟ್ಟಿ ಮಾಡಿಕೊಂಡರೆ ಜೂನ್ ಗೆದ್ದ ಹಾಗೆ.

ಅಮ್ಮ


30 ಮಾರ್ಚ್

ಅಮ್ಮ,

ಇಷ್ಟು ದಿನ ತೆಗೆದುಕೊಂಡದ್ದು ಸೋಮಾರಿತನದಿಂದಲ್ಲ. ಬಟ್ಟೆ ಒಣಗಿಸುವ ಯಂತ್ರದ ಮುಂದೆ ನಿಂತು ಇದನ್ನೇ ಯೋಚಿಸುತ್ತಿದ್ದೆ. ನನ್ನ ಕೋಣೆಯಲ್ಲಿರುವ ಡ್ರೈವರಣ್ಣ, "ಏನೋ, ಲವ್ ಲೆಟರಿಗೆ ಉತ್ತರ ಹೊಳೀತಿಲ್ವಾ?" ಅಂತ ರೇಗಿಸುತ್ತಾನೆ.

ಹೊಲಿಗೆಯಾಕೆ ದಿನವೂ ನೆನಪಾಗುತ್ತಾರೆ. ಮುಖ ಅಲ್ಲ, ಆ ಬಟ್ಟೆ ಗಂಟು. ಅದರಲ್ಲಿದ್ದ ಹಳದಿ ಲಂಗಕ್ಕೆ ಇನ್ನೂ ಅಂಚು ಹೊಲಿದಿರಲಿಲ್ಲ. ಅವರು ಬದುಕಿರುವುದಕ್ಕೆ ನನ್ನ ಎರಡೂ ಕೈ ಕೊಡು ಅಂದರೆ ಕೊಡುತ್ತೇನೆ. ಇದು ಮೊದಲನೆಯ ಪದ. ಇದು ನನ್ನಲ್ಲಿ ಕುತ್ತಿಗೆವರೆಗೆ ಇದೆ.

ಎರಡನೆಯದನ್ನು ಹುಡುಕಿದೆ. ನೀನು ಹೇಳಿದ ಹಾಗೆ ಆ ಮಧ್ಯಾಹ್ನವನ್ನು ವಾಪಸ್ಸು ತಂದುಕೊಂಡೆ. ತಾತನ ಮುಖ ನೀಲಿಗಟ್ಟಿದೆ. ಅವರ ಹೆಂಡತಿ ನನ್ನ ಅಂಗಿ ಹಿಡಿದಿದ್ದಾರೆ. ಗೇಟಿನ ಮುಂದೆ ನಿಲ್ಲಿಸಲು ಇನ್ನೊಬ್ಬರಿಲ್ಲ. ಸ್ವಿಚ್ ಹಾಕುತ್ತೇನೆ ಅಮ್ಮ. ಎಷ್ಟು ಸಲ ವಾಪಸ್ಸು ತಂದರೂ ಹಾಕುತ್ತೇನೆ. ಹಾಕಬಾರದಿತ್ತು ಅನ್ನಬೇಕಾದರೆ ತಾತ ಅಲ್ಲೇ ಸಾಯಬೇಕಿತ್ತು ಅನ್ನಬೇಕು. ನನಗೆ ಅದು ಬಾಯಿಗೆ ಬರುವುದಿಲ್ಲ.

ಹಾಗಾಗಿ ಉತ್ತರ: ಆದದ್ದಕ್ಕೆ ರಿಗ್ರೆಟ್, ಮಾಡಿದ್ದಕ್ಕೆ ರಿಮೋರ್ಸ್. ನನ್ನಲ್ಲಿ ಮೊದಲನೆಯದು ಇದೆ, ಎರಡನೆಯದು ಇಲ್ಲ.

ತಾತ ಹೇಗಿದ್ದಾರೆ? ಈಗಲೂ ಕಣ್ಣಿಗೆ ಆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂರುತ್ತಾರಾ? ಒಂದು ಸಾಲು ಬರೆ. ಅದಿರಲಿ, ನಿನ್ನ ಅಕ್ಷರ ಯಾಕೆ ಇಷ್ಟು ದಪ್ಪವಾಗಿದೆ? ಹೋದ ಸಲ ಗೆರೆ ಬಿಟ್ಟು ಹೊರಗೆ ಹೋಗಿತ್ತು. ನಾನು ಹಾಗೆ ಬರೆದಿದ್ದರೆ ನೀನು ಒಂದು ಅಂಕ ಕಳೆಯುತ್ತಿದ್ದೆ.

ಮಗರಾಯ


20 ಏಪ್ರಿಲ್

ಮಗನಿಗೆ,

ಉತ್ತರಕ್ಕೆ ಒಂಬತ್ತೂವರೆ. ಅದಕ್ಕಿಂತ ಚೆನ್ನಾಗಿ ನಾನೂ ಹೇಳಲಾರೆ.

ಇದನ್ನು ಅಲ್ಲಿ ಹೇಳಬೇಡ. ನಾನು ಟೀಚರಾಗಿ ಅಲ್ಲ, ಅಮ್ಮನಾಗಿ ಹೇಳುತ್ತಿದ್ದೇನೆ. ಅವರು ಪಾಠ ಒಪ್ಪಿಸಿಕೊಳ್ಳಲು ಕೂತಿಲ್ಲ. ಅವರಿಗೆ ಒಂದು ಪದ ಬೇಕು, ಅದನ್ನು ಬರೆದುಕೊಂಡು ಮುಂದಿನವನನ್ನು ಕರೆಯಬೇಕು. ನೀನು ಒಂದು ಪದ ಕೊಟ್ಟು ಎದ್ದು ಬಾ. ಹೇಳಿದ್ದರಿಂದ ನಾಲಿಗೆ ಸವೆಯುವುದಿಲ್ಲ. ಆಮೇಲೆ ಮನೆಗೆ ಬಂದು ನನ್ನ ಮುಂದೆ ಕೂತು ಬೇಕಾದಷ್ಟು ವ್ಯತ್ಯಾಸ ಬಿಡಿಸು, ನಾನು ಕೇಳುತ್ತೇನೆ.

ಅಕ್ಷರದ ವಿಷಯ ಮುಚ್ಚಿಟ್ಟು ಪ್ರಯೋಜನವಿಲ್ಲ. ಕಣ್ಣಿನ ನರ ಒಣಗುತ್ತಿದೆಯಂತೆ. ಬದಿಯಿಂದ ಕತ್ತಲಾಗುತ್ತ ಬರುತ್ತದೆ, ನಡುವೆ ಒಂದು ಕಿಂಡಿ ಉಳಿದಿದೆ. ಹೋದದ್ದು ಬರುವುದಿಲ್ಲ, ಇರುವುದನ್ನು ಸ್ವಲ್ಪ ದಿನ ತಡೆಯಬಹುದು ಅಂತ ಡಾಕ್ಟರು ಹೇಳಿದರು. "ಎಷ್ಟು ದಿನ?" ಅಂದೆ. "ಎರಡು ವರ್ಷ ಸಿಕ್ಕರೆ ಪುಣ್ಯ" ಅಂದರು. ನಿನ್ನಲ್ಲಿಗೆ ಒಂದು ಹಗಲು ಒಂದು ರಾತ್ರಿಯ ರೈಲು. ಮೊದಲ ವರ್ಷ ಬಂದಿದ್ದೆ, ಈಗ ಸ್ಟೇಷನ್ನಿನ ಮೆಟ್ಟಿಲು ಎಲ್ಲಿ ಮುಗಿಯುತ್ತದೆ ಅನ್ನುವುದೇ ಕಾಣುವುದಿಲ್ಲ. ಕ್ಲಾಸಿನಲ್ಲಿ ಪುಟ ಹೇಳಿ, ನರ್ಸ್ ಹುಡುಗಿಯೊಬ್ಬಳ ಕೈಲಿ ಓದಿಸಿ, ನಾನು ಓದಿದಂತೆ ನಟಿಸುತ್ತೇನೆ. ಇನ್ನೂ ಯಾರಿಗೂ ಗೊತ್ತಾಗಿಲ್ಲ.

ಮೂರು ವರ್ಷ ಕಾಯಲು ನನ್ನ ಹತ್ತಿರ ಕಣ್ಣಿಲ್ಲ. ನಿನ್ನ ಮುಖ ನೋಡಬೇಕು. ಅಷ್ಟೇ.

ಈ ಸಲ ಜೋಡಿ ಪದ ಬೇಡ. ಒಂದೇ ಪದ ಸಾಕು.

ಅಮ್ಮ


14 ಮೇ

ಅಮ್ಮ,

ಹೇಳುತ್ತೇನೆ. ಒಪ್ಪಿಕೊಂಡೆ. ನೀನು ಕಣ್ಣಿಗೆ ಔಷಧಿ ತಪ್ಪಿಸಬೇಡ.

ದಿನಾ ಅಭ್ಯಾಸ ಮಾಡುತ್ತಿದ್ದೇನೆ. ಡ್ರೈವರಣ್ಣ ಸಮಿತಿಯವನಾಗಿ ಕಾಲ ಮೇಲೆ ಕಾಲು ಹಾಕಿ ಕೂರುತ್ತಾನೆ, ನಾನು 'ಯಸ್ ಸರ್, ರಿಮೋರ್ಸ್ ಸರ್' ಅನ್ನುತ್ತೇನೆ. ಮೊದಮೊದಲು ತೊದಲುತ್ತಿದ್ದೆ, ಈಗ ನೀರು ಕುಡಿದ ಹಾಗೆ ಬರುತ್ತದೆ. ತಾತ ಬದುಕಿದ್ದಾರೆ ಅನ್ನುವುದೊಂದು ಧೈರ್ಯ. ನಾನು ಬಾಯಲ್ಲಿ ಏನು ಹೇಳಿದರೂ ಅವರ ಉಸಿರೇನೂ ವಾಪಸ್ಸು ಹೋಗುವುದಿಲ್ಲವಲ್ಲ.

ಬಂದವನೇ ನಿನ್ನ ಕ್ಲಾಸಿನ ಬೋರ್ಡಿನ ಮೇಲೊಂದು ದೊಡ್ಡ ದೀಪ ಹಾಕುತ್ತೇನೆ.

ಮಗರಾಯ


28 ಜೂನ್

ಅಮ್ಮ,

ವಕೀಲಮ್ಮ ಫೋನ್ ಮಾಡಿ ಹೇಳಿರುತ್ತಾರೆ. ಆದರೂ ನಾನೇ ಹೇಳಬೇಕು.

ಉದ್ದ ಮೇಜಿನ ಹಿಂದೆ ಮೂವರಿದ್ದರು. ನಡುವೆ ಅಧ್ಯಕ್ಷೆ, ನಿನ್ನ ವಯಸ್ಸು, ಓದುವಾಗ ಪೆನ್ನಿನಿಂದ ಪ್ರತಿ ಸಾಲನ್ನೂ ಮುಟ್ಟುತ್ತಿದ್ದರು. ಒಂದು ಬದಿಗೆ ಒಬ್ಬ ಡಾಕ್ಟರು, ಅವರಿಗೆ ನೆಗಡಿ. ಇನ್ನೊಂದು ಬದಿಗೆ ಮಾತೇ ಆಡದ ಒಬ್ಬರು. ಗೋಡೆ ಪಕ್ಕದ ಬೆಂಚಿನಲ್ಲಿ ಹೊಲಿಗೆಯಾಕೆಯ ಗಂಡ. ಅಷ್ಟು ದೂರ ರೈಲಿನಲ್ಲಿ ಬಂದಿದ್ದರೂ ಅವರ ಅಂಗಿಗೆ ಒಂದು ಸುಕ್ಕಿರಲಿಲ್ಲ.

ಡಾಕ್ಟರು ಶುರು ಮಾಡಿದರು, "ಲಿಫ್ಟ್ ಬಿದ್ದಾಗ ನೀನು ಎಲ್ಲಿದ್ದೆ?" ಅಂತ. "ಬೀಳಲಿಲ್ಲ ಸರ್, ಮೇಲಕ್ಕೆ ಹೋಯಿತು" ಅಂದೆ. ಅಲ್ಲೇ ಬಾಯಿ ಮುಚ್ಚಿಕೊಳ್ಳಬೇಕಿತ್ತು. ವಕೀಲಮ್ಮ ಮೇಜಿನ ಕೆಳಗೆ ನನ್ನ ಕಾಲು ಒತ್ತಿದರು. ಆಮೇಲೆ ಅಧ್ಯಕ್ಷೆ ಆ ಪ್ರಶ್ನೆ ಕೇಳಿದರು. ನಾನು 'ಯಸ್ ಮೇಡಂ, ಐ ಫೀಲ್ ರಿಮೋರ್ಸ್' ಅಂದೆ. ಗಟ್ಟಿಯಾಗಿ, ಸ್ಪಷ್ಟವಾಗಿ. ಅವರು ಬರೆದುಕೊಂಡರು. ಪೆನ್ನು ಕೆಳಗಿಟ್ಟರು. ಮುಗಿದೇಹೋಗಿತ್ತು ಅಮ್ಮ.

ಎದ್ದು ನಿಲ್ಲುವಾಗ ಅವರು ಒಳ್ಳೆಯ ದನಿಯಲ್ಲೇ ಹೇಳಿದರು, "ಇದರಲ್ಲಿ ಇನ್ನೂ ದುಃಖದ ವಿಷಯ ಅಂದರೆ, ಯಾರಿಗಾಗಿ ಇಷ್ಟೆಲ್ಲ ಮಾಡಿದೆಯೋ ಆ ಮುದುಕರೂ ಐದೇ ತಿಂಗಳಿಗೆ ತೀರಿಕೊಂಡರು. ಎಲ್ಲ ವ್ಯರ್ಥವಾಯಿತು, ಅಲ್ಲವೇ?"

ನನಗೆ ಗೊತ್ತಿರಲಿಲ್ಲ. ನೀನು ಹೇಳಿರಲಿಲ್ಲ.

ಐದು ತಿಂಗಳು. ಅಷ್ಟರಲ್ಲಿ ತಾತ ಎಷ್ಟು ಗಡಿಯಾರ ಬಿಚ್ಚಿರಬಹುದು, ಎಷ್ಟು ಸಲ ಹೆಂಡತಿಯ ಹತ್ತಿರ ಜಗಳ ಆಡಿರಬಹುದು ಅಂತ ಯೋಚನೆ ಬಂತು. ನಾನು ಆಡಿದ ಪದ ಮೇಜಿನ ಮೇಲೆ ಶಾಯಿಯಲ್ಲಿ ಬಿದ್ದಿತ್ತು. ತಾತ ಇದ್ದಿದ್ದರೆ ಅದು ಬರೀ ಬಾಯಿಮಾತು. ಈಗ ಅವರಿಲ್ಲ, ಅವರ ಕಡೆಯಿಂದ ಹೇಳುವವರು ಯಾರೂ ಇಲ್ಲ. ನಾನೂ ಹೌದು ಅಂದುಬಿಟ್ಟರೆ ಆ ಐದು ತಿಂಗಳು ಯಾರ ಲೆಕ್ಕದಲ್ಲೂ ಇರುವುದಿಲ್ಲ.

"ಮೇಡಂ, ನನ್ನ ಉತ್ತರ ತಿದ್ದಿಕೊಳ್ಳಬೇಕು" ಅಂದೆ. ಆ ಎರಡು ಪದಗಳನ್ನೂ ಹೇಳಿದೆ. ನಡುವಿನ ಗೋಡೆ ತೋರಿಸಿದೆ. ಉದಾಹರಣೆ ಕೊಟ್ಟೆ. ನೀನು ಹೇಳಿಕೊಟ್ಟ ಕಚ್ಚುವ ಬೇರನ್ನೂ ಬಿಡಲಿಲ್ಲ. ಮತ್ತೆ ಅದೇ ದಿನ ಬಂದರೆ ಸ್ವಿಚ್ ಹಾಕುತ್ತೇನೆ ಅಂದೆ. ಅಧ್ಯಕ್ಷೆ ಪೆನ್ನು ಎತ್ತಿಕೊಂಡು ಮೊದಲು ಬರೆದದ್ದನ್ನು ಹೊಡೆದುಹಾಕಿದರು. ಆಕೆಗೆ ಅರ್ಥವಾಯಿತು ಅಂತ ನನಗನ್ನಿಸಿತು. ಅರ್ಥವಾಗಿಯೇ ಬಿಡುಗಡೆ ಬೇಡ ಅಂದರು.

ಹೊರಗೆ ಹಜಾರದಲ್ಲಿ ಹೊಲಿಗೆಯಾಕೆಯ ಗಂಡ ಸಿಕ್ಕರು. ಕಾವಲಿನವರು ಒಂದು ನಿಮಿಷ ಬಿಟ್ಟರು. ನಮ್ಮ ಭಾಷೆಯಲ್ಲೇ, "ತಪ್ಪಾಯ್ತು ಅಣ್ಣಾ" ಅಂದೆ. ಅವರು, "ಹೂಂ" ಅಂದರು. ಒಳಗೆ ಆಡಿದ ಇಂಗ್ಲಿಷ್ ಅವರಿಗೆ ತಿಳಿದಿರಲಿಲ್ಲ, "ಬಿಡ್ತಾರಂತಾ?" ಅಂದರು. "ಇಲ್ಲ" ಅಂದೆ. "ಅಯ್ಯೋ, ಟೀಚರಿಗೆ ಯಾರಪ್ಪಾ ಹೇಳ್ತಾರೆ" ಅಂದು ಚೀಲ ಎತ್ತಿಕೊಂಡು ರೈಲಿಗೆ ಹೊರಟರು. ಅವರಿಗೆ ಬೇಕಿದ್ದದ್ದು ಸಿಕ್ಕಿತು ಅಂತ ಕಾಣುತ್ತದೆ. ಅದಕ್ಕೆ ಇಂಗ್ಲಿಷ್ ಬೇಕಿರಲಿಲ್ಲ.

ನಿನಗೆ ಕೊಟ್ಟ ಮಾತು ತಪ್ಪಿದೆ. ನಿನ್ನ ಕಣ್ಣಿನ ವಿಷಯ ನೆನಪಿದ್ದೂ ತಪ್ಪಿದೆ. ಬೈದು ಒಂದು ಪತ್ರ ಹಾಕು.

ಮಗರಾಯ


22 ಜುಲೈ

ಅಮ್ಮ,

ಪತ್ರ ಬಂದಿಲ್ಲ. ಸಾಹೇಬರು ದಿನಾ ನನ್ನನ್ನು ನೋಡಿ ಅವರಾಗಿಯೇ ತಲೆ ಅಲ್ಲಾಡಿಸುತ್ತಾರೆ.

ಕೆಂಪು ಪೆನ್ನಿನಲ್ಲಿ ಬರೀ ತಪ್ಪು ಗುರುತು ಹಾಕಿ ಕಳಿಸಿದರೂ ಸಾಕು.

ಮಗರಾಯ


15 ಸೆಪ್ಟೆಂಬರ್

ಮಗನಿಗೆ,

ತಾತನ ವಿಷಯ ಹೇಳದೆ ಇದ್ದದ್ದು ನಾನು. ಅವರು ಹೋದಾಗ ನೀನು ಒಳಗೆ ಹೋಗಿ ವಾರವೂ ಆಗಿರಲಿಲ್ಲ. ಇದನ್ನೂ ಹೊರಿಸುವುದು ಬೇಡ ಅಂದುಕೊಂಡೆ. ಆಮೇಲೆ ಹೇಳುವ ದಿನ ಬರಲೇ ಇಲ್ಲ.

ಈಗ ಗಮನವಿಟ್ಟು ಓದು. ವಕೀಲಮ್ಮ ಒಂದು ದಾರಿ ಹುಡುಕಿದ್ದಾರೆ. 'ನಾನು ಆ ಪದದ ಅರ್ಥವನ್ನು ತಪ್ಪು ತಿಳಿದಿದ್ದೆ, ಅದಕ್ಕೇ ಹಾಗೆ ಉತ್ತರ ಕೊಟ್ಟೆ' ಅಂತ ನೀನು ಬರೆದುಕೊಟ್ಟರೆ, ವರ್ಷ ಮುಗಿಯುವುದರೊಳಗೆ ಮತ್ತೊಮ್ಮೆ ಕೂರಿಸಬಹುದಂತೆ. ಅದಕ್ಕೆ ಆಧಾರ ಬೇಕು. ನಿನಗೆ ಇಂಗ್ಲಿಷ್ ಕಲಿಸಿದವಳು ನಾನು. ತಪ್ಪು ಕಲಿಸಿದೆ ಅಂತ ಹೇಳಿಕೆ ಬರೆಸಿ, ಸಹಿ ಹಾಕಿ ಇದರ ಜೊತೆ ಇಟ್ಟಿದ್ದೇನೆ. ನೀನು ಕೆಳಗೆ ಸಹಿ ಮಾಡಿ ಕಳಿಸು. ಇಷ್ಟೇ ಕೆಲಸ.

ಇದು ಸುಳ್ಳು ಅಂದುಕೊಳ್ಳಬೇಡ. ದೊಡ್ಡ ನಿಘಂಟು ತೆಗೆದು ನಾನೇ ಮತ್ತೊಮ್ಮೆ ನೋಡಿದೆ. ಆ ಎರಡು ಪದಗಳಿಗೆ ವ್ಯತ್ಯಾಸವಿಲ್ಲ. ಎರಡೂ ಒಂದೇ. ಯಾವುದನ್ನು ಎಲ್ಲಿ ಬೇಕಾದರೂ ಬಳಸಬಹುದು. ಕಚ್ಚುವುದು ಬೇರು ಎಲ್ಲ ನಾನು ಎಲ್ಲೋ ಅರ್ಧ ಓದಿ ಬುದ್ಧಿವಂತಿಕೆ ತೋರಿಸಿದ್ದು. ವಯಸ್ಸಾದ ಮೇಲೆ ಹೀಗಾಗುತ್ತದೆ.

ಎಡಗಣ್ಣು ಪೂರ್ತಿ ಹೋಯಿತು. ಈ ಪತ್ರ ಬರೆಯಲು ನಾಲ್ಕು ದಿನ ಹಿಡಿಯಿತು. ಸಹಿ ಮಾಡಪ್ಪ.

ಅಮ್ಮ


20 ಅಕ್ಟೋಬರ್

ಅಮ್ಮ,

ದಪ್ಪ ಅಕ್ಷರದಲ್ಲಿ, ಗೆರೆ ಬಿಟ್ಟು ಗೆರೆ ಬರೆಯುತ್ತಿದ್ದೇನೆ. ಕಿಟಕಿ ಹತ್ತಿರ ಹಿಡಿದುಕೊಂಡು ಓದು.

ನಿನ್ನ ಪತ್ರವನ್ನು ತಿದ್ದಿ ಇದರ ಜೊತೆಗೇ ವಾಪಸ್ಸು ಕಳಿಸುತ್ತಿದ್ದೇನೆ. ಇಲ್ಲಿ ಕೆಂಪು ಪೆನ್ನು ಕೊಡುವುದಿಲ್ಲ, ಪೆನ್ಸಿಲಿನಲ್ಲಿ ಗುರುತು ಹಾಕಿದ್ದೇನೆ. ಕಾಗುಣಿತ ಒಂದೂ ತಪ್ಪಿಲ್ಲ. ನಾಲ್ಕು ದಿನ ಅದಕ್ಕೇ ಹಿಡಿದಿರಬೇಕು. 'ಎರಡೂ ಒಂದೇ' ಅನ್ನುವ ಸಾಲಿನ ಕೆಳಗೆ ಮಾತ್ರ ಗೆರೆ ಎಳೆದು ತಪ್ಪು ಹಾಕಿದ್ದೇನೆ.

ಆ ನಿಘಂಟಿನ ಅಕ್ಷರ ಎಷ್ಟು ಸಣ್ಣದು ಅಂತ ನನಗೆ ಗೊತ್ತು. ಒಳ್ಳೆಯ ಕಣ್ಣಿದ್ದಾಗಲೇ ನೀನು ಅದನ್ನು ನನ್ನ ಕೈಲಿ ಓದಿಸುತ್ತಿದ್ದೆ. ನೀನು ನೋಡಿಲ್ಲ.

ನಿನ್ನ ಹೇಳಿಕೆಗೆ ಸಹಿ ಹಾಕಿಲ್ಲ. ಸಾಹೇಬರು ಅದನ್ನು ಓದಿ, "ಹಾಕ್ಬಿಡೋ ಮಾರಾಯ, ಯಾರು ನೋಡ್ತಾರೆ" ಅಂದರು. ಒಂದು ಇಡೀ ದಿನ ಪೆನ್ನು ಹಿಡಿದು ಕೂತಿದ್ದೆ. ನನಗೆ ಮನೆಗೆ ಬರಬೇಕು ಅಮ್ಮ. ನೀನು ಗೋಡೆ ಹಿಡಿದುಕೊಂಡು ನಡೆಯುವುದು ಯೋಚಿಸಿದರೆ ಊಟ ಇಳಿಯುವುದಿಲ್ಲ. ಆದರೆ 'ನನಗೆ ಅವಳು ತಪ್ಪು ಕಲಿಸಿದಳು' ಅನ್ನುವ ಕಾಗದದ ಕೆಳಗೆ ನನ್ನ ಹೆಸರು ಬರೆಯಲು ಕೈ ಏಳಲಿಲ್ಲ. ತಪ್ಪು ಕಲಿಸಿಲ್ಲ ಅನ್ನುವುದೇ ಈಗ ನಮ್ಮ ತೊಂದರೆ.

ಟೀಚರ್, ವ್ಯತ್ಯಾಸ ಇದೆ. ನೀವೇ ಹೇಳಿಕೊಟ್ಟದ್ದು. ನನ್ನ ತಿದ್ದುಪಡಿ ಸರಿಯಿದೆಯೋ ಇಲ್ಲವೋ ನೋಡಿ ಅಂಕ ಹಾಕಿ ಕಳಿಸಿ.

ನಿಮ್ಮ ವಿದ್ಯಾರ್ಥಿ


4 ಡಿಸೆಂಬರ್

ಮಗನಿಗೆ,

ನಿನ್ನ ಪತ್ರವನ್ನು ಇಸ್ತ್ರಿ ಅಂಗಡಿಯವರು ಓದಿ ಹೇಳಿದರು. ಅವರೇ ಮನೆಗೆ ಬಂದಿದ್ದರು. ಇದನ್ನು ಮಾತ್ರ ನಾನೇ ಬರೆಯುತ್ತಿದ್ದೇನೆ. ಸಾಲು ಒಂದರ ಮೇಲೊಂದು ಹತ್ತಿದ್ದರೆ ಬಿಡಿಸಿಕೊಂಡು ಓದು.

ಹೋದ ವಾರ ಕ್ಲಾಸ್ ಮುಚ್ಚಿದೆ. ಬೀಗದ ಕೈಯನ್ನು ಟೈರ್ ಅಂಗಡಿಯವನಿಗೆ ಕೊಟ್ಟೆ.

ನಿನ್ನ ತಿದ್ದುಪಡಿ ಸರಿಯಾಗಿದೆ.

ಹತ್ತಕ್ಕೆ ಹತ್ತು.

ಅಮ್ಮ